ಫ್ಯಾಕ್ಟರಿ ಬಸ್ಸೂ ಕೆಲಸದ ಜಾಗವೇ

ಕೆ.ಆರ್.ಪೇಟೆ, ಪಾಂಡವಪುರ ಕಡೆಯ ಹಳ್ಳಿಗಳಿಂದ ಹೊತ್ತು ಮೂಡುವ ಮುಂಚೆ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೊರಡುವ ಗಾರ್ಮೆಂಟ್ಸ್ ಬಸ್ಸು ಕೆಲಸದ ಸ್ಥಳವೋ ಅಲ್ಲವೋ? ಬಸ್ಸಿನಲ್ಲಿ ಕ್ಲೀನರ್ ಮೈಗೆ ತಾಗಿ ನಿಲ್ಲುತ್ತಾನೆ, ಹಿಂದಿನ ಸೀಟಿನ ಮೆಕ್ಯಾನಿಕ್ ಮೊಬೈಲಿನಲ್ಲಿ ಏನೋ ತೋರಿಸಿ ನಗುತ್ತಾನೆ ಎಂದು ಹೇಳಿದರೆ ಆಫೀಸಿನಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಗೇಟಿನ ಹೊರಗೆ ನಡೆದದ್ದಕ್ಕೆ ನಾವೇನು ಮಾಡೋಣ?’ ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅದೇ ವರ್ಷದ ಡಿಸೆಂಬರ್ 9ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೆಲಸದ ನಿಮಿತ್ತ ಹೋಗುವ ಯಾವುದೇ ಜಾಗ, ಮಾಲೀಕರು ಒದಗಿಸಿದ ವಾಹನವೂ ಸೇರಿ, ಕೆಲಸದ ಸ್ಥಳವೇ. ಊರ ಬಾಗಿಲಲ್ಲಿ ಬಸ್ಸು ಹತ್ತಿದ ಕ್ಷಣದಿಂದ ಕಂಪನಿಯ ಜವಾಬ್ದಾರಿ ಶುರು.

ಕಾಯ್ದೆಯ ಕಣ್ಣಿಗೆ ನೌಕರಳು ಯಾರು ಎಂಬುದೂ ನಾವು ಅಂದುಕೊಂಡದ್ದಕ್ಕಿಂತ ದೊಡ್ಡ ಪಟ್ಟಿ. ಕಾಯಂ, ದಿನಗೂಲಿ, ಗುತ್ತಿಗೆ, ತರಬೇತಿಗೆ ಬಂದವರು, ಸಂಬಳವಿಲ್ಲದೆ ಸ್ವಯಂಸೇವೆಗೆ ನಿಂತವರು ಎಲ್ಲರೂ ಅದರಲ್ಲಿದ್ದಾರೆ. ಹಾಗಾಗಿ ‘ನಿಮಗೆ ಕೊಡೋದು ಗೌರವಧನ, ನೀವು ನೌಕರರಲ್ಲ’ ಎಂದು ಕೇಳಿ ಕೇಳಿ ಸಾಕಾಗಿರುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಈ ವಿಷಯದ ಮಟ್ಟಿಗಾದರೂ ಪೂರ್ತಿ ನೌಕರರು. ಅವರು ಸರ್ವೆಗೆ ಹೋಗುವ ಮನೆಯ ಜಗಲಿಯೂ ಕೆಲಸದ ಸ್ಥಳ. ಹಾಲಿನ ಡೈರಿ, ಸೊಸೈಟಿ, ಖಾಸಗಿ ಶಾಲೆ, ನರ್ಸಿಂಗ್ ಹೋಂ, ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಹೋಟೆಲಿನ ಅಡುಗೆಮನೆ, ಆಲೆಮನೆ, ಮನೆಗೆಲಸಕ್ಕೆ ಹೋಗುವ ಮನೆ ಯಾವುದೂ ಹೊರತಲ್ಲ.

ಇಷ್ಟಕ್ಕೂ ಈ ಕಾನೂನು ಹುಟ್ಟಿದ್ದೇ ಹಳ್ಳಿಯಲ್ಲಿ ಗೌರವಧನಕ್ಕೆ ದುಡಿಯುತ್ತಿದ್ದ ಹೆಂಗಸೊಬ್ಬಳಿಂದ. ಭಂವರಿ ದೇವಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ ಆಗಿದ್ದರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಳಗಿನ ನ್ಯಾಯಾಲಯ ಆ ಅಪರಾಧದಿಂದ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಆದರೆ ಆ ಘಟನೆಯ ಬೆನ್ನಿಗೆ ಮಹಿಳಾ ಸಂಘಟನೆಗಳು ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1997ರ ಆಗಸ್ಟ್ 13ರಂದು ‘ವಿಶಾಖಾ’ ತೀರ್ಪು ಕೊಟ್ಟು, ಪ್ರತಿ ಸಂಸ್ಥೆಯಲ್ಲೂ ದೂರು ಸಮಿತಿ ಇರಬೇಕೆಂದಿತು. ಆ ಮಾರ್ಗಸೂಚಿ ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು. ಬಾಲ್ಯವಿವಾಹದ ಸುಳಿವು ಸಿಕ್ಕರೆ ಇವತ್ತಿಗೂ ಮೊದಲು ಆ ಮನೆಯ ಬಾಗಿಲು ತಟ್ಟಬೇಕಾದವಳು ನಮ್ಮ ಅಂಗನವಾಡಿ ಟೀಚರೇ. ಅವಳಿಗೆ ಈ ಚರಿತ್ರೆ ತರಬೇತಿಯ ಮೊದಲ ದಿನವೇ ಗೊತ್ತಾಗಬೇಕಿತ್ತು.

ಯಾವುದು ಕಿರುಕುಳ, ಯಾವುದು ಬೈಗುಳ

ಮೈ ಮುಟ್ಟುವುದು, ಮುಟ್ಟಲು ಯತ್ನಿಸುವುದು. ಲೈಂಗಿಕ ಬೇಡಿಕೆ ಇಡುವುದು. ಅಂಥ ಅರ್ಥ ಬರುವ ಮಾತಾಡುವುದು. ಅಶ್ಲೀಲ ಚಿತ್ರ ತೋರಿಸುವುದು. ಇವು ಬಿಟ್ಟು ಮಾತಿನಲ್ಲೋ ಸನ್ನೆಯಲ್ಲೋ ಲೈಂಗಿಕವಾಗಿ ನಡೆದುಕೊಳ್ಳುವ ಬೇರೆ ಯಾವುದೇ ಬಗೆ. ಹೀಗೆ ಕಾಯ್ದೆ ಐದು ಬಗೆ ಹೇಳುತ್ತದೆ. ಐದಕ್ಕೂ ಅಳತೆಗೋಲು ಒಂದೇ: ಅವಳಿಗೆ ಅದು ಬೇಡವಾಗಿತ್ತೇ? ‘ತಮಾಷೆಗೆ ಅಂದೆ’, ‘ನಾನು ಎಲ್ಲರ ಹತ್ತಿರವೂ ಹೀಗೇ’ ಎಂಬುದು ಸಮಜಾಯಿಷಿಯಾಗದು. ನಕ್ಕು ಸುಮ್ಮನಾದಳು ಎಂಬುದೂ ಒಪ್ಪಿಗೆಯಲ್ಲ. ರಜೆ ಚೀಟಿಗೆ ಸಹಿ ಹಾಕುವವನು ಎದುರಿಗಿದ್ದರೆ ಯಾರಾದರೂ ನಗುತ್ತಾರೆ.

ರಜೆ, ಓಟಿ, ಹಗುರ ಮೆಷಿನ್, ಟಾರ್ಗೆಟ್ ಕಡಿಮೆ ಮಾಡುವುದು, ಗುತ್ತಿಗೆ ಮುಂದುವರಿಸುವುದು, ಉದ್ಯೋಗ ಖಾತ್ರಿಯಲ್ಲಿ ಹಾಜರಿ ಹಾಕುವುದು: ಚಿಕ್ಕ ಊರಿನಲ್ಲಿ ಕಿರುಕುಳ ನಡೆಯುವುದು ಇಂಥ ಚಿಕ್ಕ ಅಧಿಕಾರಗಳ ಸುತ್ತ. ಕೊಡುತ್ತೇನೆ ಎಂಬ ಆಸೆ, ಕಿತ್ತುಕೊಳ್ಳುತ್ತೇನೆ ಎಂಬ ಬೆದರಿಕೆ, ಕೆಲಸ ಮಾಡಲಾಗದಂಥ ಹೆದರಿಕೆಯ ವಾತಾವರಣ, ಆರೋಗ್ಯ ಕೆಡಿಸುವಷ್ಟು ಅವಮಾನ ಇವೆಲ್ಲವನ್ನೂ ಕಾಯ್ದೆ ಹೆಸರಿಟ್ಟು ಹೇಳಿದೆ. ಬಾಯಿಬಿಟ್ಟು ಹೇಳದೆ ಸೂಚನೆಯಲ್ಲೇ ಕೊಟ್ಟಿದ್ದರೂ ಸೇರುತ್ತದೆ.

ಆದರೆ ಎಲ್ಲ ಹಿಂಸೆಯೂ ಈ ಕಾಯ್ದೆಗೆ ಬರುವುದಿಲ್ಲ. ‘ಗಂಟೆಗೆ ಇಷ್ಟು ಪೀಸ್ ಬರಲಿಲ್ಲ’ ಎಂದು ಇಡೀ ಲೈನಿನ ಮುಂದೆ ಏಕವಚನದಲ್ಲಿ ಬೈದು ಬಟ್ಟೆ ಮುಖಕ್ಕೆ ಎಸೆದರೆ ಅದು ದೌರ್ಜನ್ಯವೇ. ಲೈಂಗಿಕ ಅಂಶವಿಲ್ಲದಿದ್ದರೆ ಮಾತ್ರ ಬೇರೆ ಬಾಗಿಲು ತಟ್ಟಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರೂ ಸಮಸಮ ಇರಬೇಕು, ಹೆಂಗಸರು ಎಷ್ಟು ಪಾಲು ದುಡಿಯುತ್ತಾರೋ ಸಮಿತಿಯಲ್ಲೂ ಅಷ್ಟು ಪಾಲು ಇರಬೇಕು. ದೂರು ಕೊಡಲು ಒಂದು ವರ್ಷ ಅವಕಾಶ, ಮುಗಿಸಲು 30 ದಿನ. ಗಂಡಸರಿಗೆ ಆಗುವ ಕಿರುಕುಳವನ್ನು 2013ರ ಕಾಯ್ದೆ ಮುಟ್ಟುವುದಿಲ್ಲ, ಅವರಿಗೂ ಇದೇ ದಾರಿ.

ಮಂಡ್ಯ ದೂರ, ತಾಲ್ಲೂಕು ಹತ್ತಿರ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಕಡೆಯೂ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಹುದ್ದೆಯ ಹೆಂಗಸಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಒಬ್ಬರು ಹೊರಗಿನವರು ಇರಬೇಕು. ‘ನಮ್ಮ ಸಮಿತಿ ಬೆಂಗಳೂರು ಹೆಡ್ಡಾಫೀಸಿನಲ್ಲಿದೆ’ ಎಂದರೆ ಸಾಲದು. ಕಚೇರಿ, ಘಟಕ ಎಷ್ಟು ಊರಿನಲ್ಲಿವೆಯೋ ಅಷ್ಟೂ ಕಡೆ ಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ ಎರಡರಷ್ಟು, ಪರವಾನಗಿಗೂ ಕುತ್ತು.

ಹತ್ತಕ್ಕಿಂತ ಕಡಿಮೆ ಜನರಿದ್ದರೆ? ಅಥವಾ ತೊಂದರೆ ಕೊಟ್ಟವನು ಮಾಲೀಕನೇ ಆಗಿದ್ದರೆ? ನಮ್ಮ ನಾಲ್ಕು ತಾಲ್ಲೂಕಿನ ಬಹುಪಾಲು ಹೆಂಗಸರ ಪ್ರಶ್ನೆ ಇದೇ. ಬಟ್ಟೆ ಅಂಗಡಿ, ಕ್ಲಿನಿಕ್, ಆಲೆಮನೆ, ಗದ್ದೆ ಕೆಲಸಕ್ಕೆ ಆಳು ಕರೆತರುವ ಮೇಸ್ತ್ರಿ, ಇಲ್ಲೆಲ್ಲ ಸಮಿತಿ ಎಂಬುದೇ ಇರುವುದಿಲ್ಲ. ಅವರಿಗಾಗಿ ಪ್ರತಿ ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ ಇದೆ, ನಮಗೆ ಅದು ಮಂಡ್ಯದಲ್ಲಿ. ನಮ್ಮ ನಾಲ್ಕು ತಾಲ್ಲೂಕು ಎಂದರೆ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಕೆ.ಆರ್.ಪೇಟೆ ಗಡಿಯ ಹಳ್ಳಿಯೊಂದರಿಂದ ಮಂಡ್ಯಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಬಿಟ್ಟಿ ಇದ್ದರೂ. ಜೊತೆಗೆ ಮನೆಯಲ್ಲಿ ಒಂದು ಸುಳ್ಳು ಹೇಳಬೇಕು.

ಕಾನೂನು ಮಾಡಿದವರಿಗೆ ಇದು ಹೊಳೆದಿತ್ತು. 6ನೇ ಕಲಂ ಪ್ರಕಾರ ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅವರು ದೂರು ಪಡೆದು ಏಳು ದಿನದೊಳಗೆ ಜಿಲ್ಲಾ ಸಮಿತಿಗೆ ಕಳಿಸಬೇಕು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಹಳ್ಳಿಯವಳಿಗೆ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ, ಮತ್ತು ಇದರಷ್ಟು ಮೂಲೆಗೆ ಬಿದ್ದ ಸಾಲೂ ಇನ್ನೊಂದಿಲ್ಲ. ದೇಶದಾದ್ಯಂತ ಇದೇ ಪಾಡಾಗಿದ್ದರಿಂದ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 3ರಂದು, ಔರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ, ಜಿಲ್ಲಾ ಅಧಿಕಾರಿಗಳನ್ನೂ ಸ್ಥಳೀಯ ಸಮಿತಿಗಳನ್ನೂ ತಾಲ್ಲೂಕು ನೋಡಲ್ ಅಧಿಕಾರಿಗಳನ್ನೂ ನೇಮಿಸಿ ಮುಗಿಸಿ ಎಂದು ಗಡುವು ಕೊಟ್ಟಿತು. ನಿಮ್ಮ ತಾಲ್ಲೂಕಿನಲ್ಲಿ ಆ ಅಧಿಕಾರಿ ಯಾರು ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ, ಅಂದರೆ ಎಲ್ಲರೂ ಸಿಡಿಪಿಓ ಆಫೀಸ್ ಎನ್ನುವ ಕಡೆ, ಕೇಳಿ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಅದು ಸಂಬಂಧಪಟ್ಟ ಸಮಿತಿಗೆ ಹೋಗುತ್ತದೆ.

ಮೂರು ತಿಂಗಳು

ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ತಡವಾದದ್ದಕ್ಕೆ ಕಾರಣ ಸರಿ ಎನಿಸಿದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅಷ್ಟೇ. ಹೆಚ್ಚಿನವರು ಸೋಲುವುದು ಇಲ್ಲೇ. ಮೊದಲ ತಿಂಗಳು ‘ನನ್ನ ಭ್ರಮೆಯೇನೋ’ ಎಂಬುದರಲ್ಲಿ ಹೋಗುತ್ತದೆ. ಎರಡನೆಯದು ಲೈನ್ ಬದಲಾಯಿಸಿಕೊಂಡು, ಬೇರೆ ಸೀಟು ಹಿಡಿದು ತಪ್ಪಿಸಿಕೊಳ್ಳುವುದರಲ್ಲಿ. ಮೂರನೆಯದರಲ್ಲಿ ಅಕ್ಕಪಕ್ಕದವರು ‘ಬಿಡಕ್ಕ, ಕೆಲಸ ಹೋದರೆ ಸಂಘದ ಸಾಲದ ಕಂತು ಯಾರು ಕಟ್ತಾರೆ’ ಅನ್ನುತ್ತಾರೆ. ಹಾಗಾಗಿ ದೂರು ಕೊಡುವ ನಿರ್ಧಾರ ಆಮೇಲೆ ಆಗಲಿ, ಬರೆದಿಡುವುದು ಮಾತ್ರ ಅವತ್ತೇ ಆಗಲಿ. ಮಗನ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಾದರೂ ಸಾಕು.

‘ಸೂಪರ್‌ವೈಸರ್ ನನ್ನ ಜೊತೆ ಸರಿಯಾಗಿ ನಡೆದುಕೊಳ್ಳುವುದಿಲ್ಲ’ ಎಂದು ಬರೆದರೆ ಸಮಿತಿಗೆ ಹಿಡಿಯಲು ಏನೂ ಸಿಗದು. ‘ಮಾರ್ಚ್ 4ರಂದು ಊಟದ ಬೆಲ್ ಆದ ಮೇಲೆ, 3ನೇ ಲೈನಿನ ಕೊನೆಯ ಮೆಷಿನ್ ಹತ್ತಿರ, ಭುಜದ ಮೇಲೆ ಕೈಯಿಟ್ಟು ಹೀಗೆಂದ, ಆಗ ಪಕ್ಕದಲ್ಲಿ ಇಂಥ ಹೆಲ್ಪರ್ ಇದ್ದಳು, ಸಂಜೆ ಬಸ್ಸಿನಲ್ಲಿ ಇಂಥವಳಿಗೆ ಹೇಳಿಕೊಂಡೆ’ ಎಂದರೆ ದೂರಿಗೆ ಕಾಲು ಬಂತು. ಆಡಿದ ಮಾತು ಎಷ್ಟೇ ಕೊಳಕಾಗಿರಲಿ, ಆಡಿದ ಹಾಗೆಯೇ ಬರೆಯಬೇಕು. ವಾಟ್ಸ್‌ಆ್ಯಪ್ ಸಂದೇಶ ಅಸಹ್ಯವೆಂದು ಅಳಿಸಬೇಡಿ. ಯಾರೂ ನೋಡಿರದಿದ್ದರೂ, ನಡೆದ ದಿನವೇ ಗೆಳತಿಗೆ ಹೇಳಿಕೊಂಡದ್ದಕ್ಕೆ ಬೆಲೆಯಿದೆ. ಇದು ಕ್ರಿಮಿನಲ್ ಕೇಸಲ್ಲ. ಎರಡೂ ಕಡೆಯ ಮಾತಿನಲ್ಲಿ ಯಾವುದು ಹೆಚ್ಚು ನಂಬುವಂತಿದೆ ಎಂದು ತೂಗುವ ವಿಚಾರಣೆ.

ಬರೆಯಲು ಬಾರದಿದ್ದರೆ ಬರೆದುಕೊಡುವುದು ಸಮಿತಿಯ ಕರ್ತವ್ಯ, ಉಪಕಾರವಲ್ಲ. ದೂರಿನ ಆರು ಪ್ರತಿ, ಜೊತೆಗೆ ಸಾಕ್ಷಿಗಳ ಹೆಸರು ಕೊಡಬೇಕು. ಕೊಟ್ಟದ್ದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕಲು ಒಲ್ಲೆವೆಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಆಮೇಲೆ ನಡೆಯಬೇಕಾದ್ದು ಹೀಗೆ: ಏಳು ಕೆಲಸದ ದಿನದೊಳಗೆ ಆರೋಪ ಹೊತ್ತವನಿಗೆ ಪ್ರತಿ ಹೋಗಬೇಕು, ಅವನು ಹತ್ತು ಕೆಲಸದ ದಿನದಲ್ಲಿ ಉತ್ತರಿಸಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ನಂತರದ ಹತ್ತು ದಿನದಲ್ಲಿ ವರದಿ, 60 ದಿನದಲ್ಲಿ ಮಾಲೀಕರ ಕ್ರಮ. ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ. ಯಾವ ಕಡೆಯವರೂ ವಕೀಲರನ್ನು ತರುವಂತಿಲ್ಲ. ಹಣವಿದ್ದವನು ಮಂಡ್ಯದ ದೊಡ್ಡ ಲಾಯರನ್ನು ಕರೆತಂದು ಹೆಲ್ಪರ್ ಹುಡುಗಿಯನ್ನು ಪಾಟೀಸವಾಲಿನಲ್ಲಿ ಹಣ್ಣುಮಾಡುವುದು ಇದರಿಂದ ತಪ್ಪುತ್ತದೆ.

ವಿಚಾರಣೆ ನಡೆಯುವಾಗ ಅವನ ಕೈಕೆಳಗೇ ದುಡಿಯಬೇಕಿಲ್ಲ. ಲಿಖಿತವಾಗಿ ಕೇಳಿದರೆ ಅವನನ್ನೋ ಅವಳನ್ನೋ ಬೇರೆಡೆಗೆ ಹಾಕಬಹುದು, ಅವಳ ಲೆಕ್ಕದ ರಜೆ ಬಿಟ್ಟು ಮೂರು ತಿಂಗಳವರೆಗೆ ರಜೆ ಕೊಡಬಹುದು, ಅವಳ ಕೆಲಸದ ಬಗ್ಗೆ ಅವನು ವರದಿ ಬರೆಯದಂತೆ ತಡೆಯಬಹುದು. ಹೆಚ್ಚಿನವರು ಇದನ್ನು ಕೇಳುವುದಿಲ್ಲ, ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಪೊಲೀಸ್ ದೂರು ಬೇರೆಯೇ ದಾರಿ. ಎರಡನ್ನೂ ಒಟ್ಟಿಗೆ ಹಿಡಿಯಬಹುದು. ಮೂರು ತಿಂಗಳ ಕಟ್ಟು ಅಲ್ಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳದ್ದು: ಮುಟ್ಟುವುದು, ಬೇಡಿಕೆ ಇಡುವುದು, ಅಶ್ಲೀಲ ಚಿತ್ರ ತೋರಿಸುವುದಕ್ಕೆ ಮೂರು ವರ್ಷದವರೆಗೆ, ಮಾತಿಗೆ ಒಂದು ವರ್ಷದವರೆಗೆ ಶಿಕ್ಷೆ. ಆಶಾ ಕಾರ್ಯಕರ್ತೆಯನ್ನು ಊರಿನವನೊಬ್ಬ ಕಾಡಿದರೆ ಸಮಿತಿಗಿಂತ ಈ ದಾರಿಯೇ ನೇರ. ಅವಳು ದೂರು ಕೊಡುತ್ತೇನೆಂದರೆ ನೆರವಾಗುವುದು ಇಲಾಖೆಯ ಕರ್ತವ್ಯ.

ರಾಜಿ ಮತ್ತು ಮನೆ

ನಮ್ಮ ಕಡೆ ಇಂಥ ವಿಷಯ ಸಮಿತಿಗೆ ಹೋಗುವ ಮುಂಚೆ ಅರಳಿಕಟ್ಟೆಗೆ ಹೋಗುತ್ತದೆ. ಇಬ್ಬರು ಯಜಮಾನರು, ಒಬ್ಬ ಪಂಚಾಯ್ತಿ ಮೆಂಬರು ಕೂತು ‘ಹೆಣ್ಣು ಮಗಳ ಮಾನದ ಪ್ರಶ್ನೆ’ ಎಂದು ಒಂದಷ್ಟು ದುಡ್ಡು ಕೊಡಿಸಿ ಕೈ ಮುಗಿಸುತ್ತಾರೆ. ಕಾಯ್ದೆಯಲ್ಲಿ ರಾಜಿಗೆ ಜಾಗವಿದೆ. ಆದರೆ ದೂರು ಕೊಟ್ಟವಳೇ ಕೇಳಿದರೆ ಮಾತ್ರ, ವಿಚಾರಣೆ ಶುರುವಾಗುವ ಮುಂಚೆ ಮಾತ್ರ, ಮತ್ತು ಹಣ ರಾಜಿಯ ಆಧಾರವಾಗುವಂತಿಲ್ಲ.

ಫ್ಯಾಕ್ಟರಿಗಿಂತ ಮನೆಯ ಭಯವೇ ದೊಡ್ಡದು. ಗಂಡನಿಗೋ ಅಣ್ಣನಿಗೋ ಗೊತ್ತಾದರೆ ಮೊದಲು ಬರುವ ಮಾತು ‘ನಾಳೆಯಿಂದ ಕೆಲಸಕ್ಕೆ ಹೋಗೋದೇ ಬೇಡ’. ತಪ್ಪು ಮಾಡಿದವನು ಲೈನಿನಲ್ಲೇ ಇರುತ್ತಾನೆ, ದುಡಿಯುವವಳು ಒಲೆ ಮುಂದೆ ಕೂರುತ್ತಾಳೆ. ಗೋಪ್ಯತೆಯ ನಿಯಮದ ಬೆಲೆ ಇಲ್ಲಿ ಗೊತ್ತಾಗುತ್ತದೆ. ಅವಳ ಹೆಸರು, ವಿಳಾಸ, ದೂರಿನ ವಿವರ ಯಾವುದನ್ನೂ ಬಯಲುಮಾಡುವಂತಿಲ್ಲ. ನೋಟಿಸು ಮನೆಗೆ ಬರದೆ ತನ್ನ ಕೈಗೇ ತಲುಪಬೇಕೆಂದು ದೂರಿನಲ್ಲೇ ಒಂದು ಸಾಲು ಬರೆದರೆ ಎಷ್ಟೋ ಸಮಾಧಾನ. ‘ಸಾಬೀತಾಗದಿದ್ದರೆ ನಿನ್ನ ಮೇಲೇ ಕೇಸು’ ಎಂಬ ಹೆದರಿಕೆಗೂ ಬಗ್ಗಬೇಕಿಲ್ಲ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಿದ್ಧವಾದರೆ ಮಾತ್ರ ಕ್ರಮ; ಸಾಕ್ಷಿ ಸಾಲದೆ ಹೋದದ್ದು ಸುಳ್ಳು ದೂರಲ್ಲ.

ಕೂಲಿಯಲ್ಲಿ, ಜಾತಿಯಲ್ಲಿ, ಬಸಿರಲ್ಲಿ

ತಾರತಮ್ಯಕ್ಕೆ ಕಿರುಕುಳದಷ್ಟು ಸದ್ದಿಲ್ಲ, ರೂಢಿಯೇ ಅದಕ್ಕೆ ಮರೆ. ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಒಂದು ಕೂಲಿ ಎಂಬುದನ್ನು ನಾಲೆ ಬಯಲಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ‘ಕೆಲಸವೇ ಬೇರೆ’ ಎಂಬುದು ಸಿದ್ಧ ಉತ್ತರ. ಒಂದೇ ಬಗೆಯ ಕೆಲಸಕ್ಕೆ ಸಮಾನ ವೇತನ ಎಂದು 1976ರ ಕಾಯ್ದೆ ಹೇಳಿತ್ತು, ಈಗ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯೂ ಹೇಳುತ್ತದೆ. ಸರ್ಕಾರ ನಿಗದಿ ಮಾಡುವ ಕನಿಷ್ಠ ಕೂಲಿಯಲ್ಲಿ ಹೆಣ್ಣು ಗಂಡೆಂಬ ಎರಡು ಕಾಲಂ ಇಲ್ಲ. ದಿನವಿಡೀ ನೀರಲ್ಲಿ ಬಗ್ಗಿ ನಾಟಿ ಹಾಕುವುದು ಹಗುರದ ಕೆಲಸ ಎಂದವರು ಯಾರೋ, ಒಂದು ದಿನ ಗದ್ದೆಗಿಳಿದು ನೋಡಲಿ.

ಬಸಿರಿಯಾದವಳನ್ನು ರಾಜೀನಾಮೆ ಬರೆದುಕೊಡು ಎನ್ನುವುದು ಇನ್ನೊಂದು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ಹೆರಿಗೆ ರಜೆ ಹಕ್ಕು. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಾಜೀನಾಮೆಗೆ ಸಹಿ ಮಾಡಿದ ಮೇಲೆ ಮಾತ್ರ ಹೋರಾಟ ಕಷ್ಟ. ಸಹಿ ಮಾಡಬೇಡಿ.

ಜಾತಿಯದು ಬೇರೆ ಬಾಗಿಲು, ಗಟ್ಟಿಯಾದದ್ದು. ಪರಿಶಿಷ್ಟ ಜಾತಿ, ಪಂಗಡದ ಕಾರ್ಮಿಕರನ್ನು ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ನೇರ ಎಫ್‌ಐಆರ್. ಮೊದಲು ಪ್ರಾಥಮಿಕ ತನಿಖೆ ಮಾಡುತ್ತೇವೆ ಎನ್ನುವಂತಿಲ್ಲ. ಪ್ರತ್ಯೇಕ ಲೋಟ, ಪ್ರತ್ಯೇಕ ತಟ್ಟೆ ಇಟ್ಟರೆ 1955ರ ನಾಗರಿಕ ಹಕ್ಕು ರಕ್ಷಣೆ ಕಾಯ್ದೆಯೂ ಇದೆ. ಪೊಲೀಸರು ಕೈಚೆಲ್ಲಿದರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ, ಉಪವಿಭಾಗದ ಜಾಗೃತಿ ಸಮಿತಿ. ಆ ಸಮಿತಿಯ ಅಧ್ಯಕ್ಷರು ಉಪವಿಭಾಗಾಧಿಕಾರಿ, ಅಂದರೆ ನಾಲ್ಕೂ ತಾಲ್ಲೂಕಿಗೆ ಪಾಂಡವಪುರದ ಎ.ಸಿ. ಅವರೇ.

ಸಂಘ ಸೇರಿದ್ದಕ್ಕೆ ಗುರಿ ಮಾಡುವುದೂ ತಾರತಮ್ಯವೇ. ಇದರ ದೊಡ್ಡ ಪ್ರಕರಣ ನಡೆದದ್ದು ಶ್ರೀರಂಗಪಟ್ಟಣದಲ್ಲೇ. 2020ರ ಜೂನ್, ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಇಲ್ಲಿನ ಯೂರೋ ಕ್ಲೋದಿಂಗ್ ಘಟಕದಲ್ಲಿ ಸುಮಾರು 1,200 ಮಂದಿಗೆ, ಅವರಲ್ಲಿ ಬಹುಪಾಲು ಹೆಂಗಸರಿಗೆ, ಕೆಲಸವಿಲ್ಲ ಎಂದು ಹೇಳಲಾಯಿತು. ಆರ್ಡರ್ ಇಲ್ಲ ಎಂಬುದು ಕಂಪನಿಯ ಮಾತು. ಕಂಪನಿಗೆ ಅಷ್ಟೊಂದು ಘಟಕಗಳಿರುವಾಗ ಸಂಘ ಗಟ್ಟಿಯಾಗಿದ್ದ ಘಟಕವನ್ನೇ ಯಾಕೆ ಆರಿಸಿದಿರಿ ಎಂಬುದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಪ್ರಶ್ನೆ. ಹೆಂಗಸರು ವಾರಗಟ್ಟಲೆ ಫ್ಯಾಕ್ಟರಿಯಲ್ಲೇ ಧರಣಿ ಕೂತರು. ಆ ಘಟಕದ ಬಟ್ಟೆ ಕೊಳ್ಳುತ್ತಿದ್ದ ಸ್ವೀಡನ್ನಿನ ಎಚ್ ಅಂಡ್ ಎಂ ಬ್ರ್ಯಾಂಡಿನ ಹೊಸ್ತಿಲವರೆಗೂ ವಿಷಯ ಹೋಯಿತು. 2021ರ ಆರಂಭದಲ್ಲಿ ಕಂಪನಿಗೂ ಸಂಘಕ್ಕೂ ಒಪ್ಪಂದವಾಗಿ, ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ ಕೊಡುವ, ಸಂಘಕ್ಕೆ ಮನ್ನಣೆ ನೀಡುವ ಮಾತಾಯಿತು. ಒಬ್ಬಳ ದೂರಾಗಿದ್ದರೆ ಇದು ಗೇಟಿನಲ್ಲೇ ಬಿದ್ದುಹೋಗುತ್ತಿತ್ತು. ಕಿರುಕುಳದ ದೂರಿಗೂ ಸಂಘವಿರುವ ಕಡೆ ಸಾಕ್ಷಿ ಹೇಳುವವರು ಸಿಗುತ್ತಾರೆ.

ಮಾಲೀಕರು ಮಾಡಬೇಕಾದ್ದು

ಸಮಿತಿಯ ಆದೇಶ, ಶಿಕ್ಷೆಯ ವಿವರ ಎದ್ದು ಕಾಣುವ ಕಡೆ ಹಾಕಬೇಕು, ಆಗಾಗ ತಿಳಿವಳಿಕೆ ಶಿಬಿರ ನಡೆಸಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಕುತ್ತಾರೆ, ಎಷ್ಟೋ ಕಡೆ ಇಂಗ್ಲಿಷಿನಲ್ಲಿ, ಎಚ್‌ಆರ್ ಕೋಣೆಯ ಒಳಗೋಡೆಗೆ. ದೂರು ಪೆಟ್ಟಿಗೆಯನ್ನು ಸಿಸಿಟಿವಿ ಕೆಳಗೇ ಇಟ್ಟವರಿದ್ದರೆ ಅವರ ಜಾಣತನಕ್ಕೆ ಏನೆನ್ನಬೇಕೋ. ಕನ್ನಡದ ಫಲಕ ಹೆಂಗಸರ ಶೌಚಾಲಯದ ಬಳಿಯೂ ಬಸ್ಸಿನೊಳಗೂ ಇರಲಿ, ಅದರಲ್ಲಿ ಹೊರಗಿನ ಸದಸ್ಯರ ಫೋನ್ ನಂಬರಿರಲಿ. ರಜೆ, ಓಟಿ, ಲೈನ್ ಬದಲಾವಣೆ ಒಬ್ಬನೇ ಸೂಪರ್‌ವೈಸರ್ ಬಾಯಿಮಾತಿನಲ್ಲಿ ನಡೆಯದೆ ರಿಜಿಸ್ಟರಿನಲ್ಲಿ ಇಬ್ಬರ ಸಹಿಯಿಂದ ನಡೆದರೆ ಕಿರುಕುಳದ ಅರ್ಧ ಆಯುಧ ಅಲ್ಲೇ ಮೊಂಡಾಗುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ನಂಬರು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರಾಯಿತು.

ತೊಂದರೆ ಬರುವವರೆಗೆ ಕಾಯದೆ ಸ್ತ್ರೀಶಕ್ತಿ ಸಂಘದವರು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಆಂತರಿಕ ಸಮಿತಿಯೂ ವರ್ಷಕ್ಕೊಮ್ಮೆ ಎಷ್ಟು ದೂರು ಬಂತು, ಎಷ್ಟು ಇತ್ಯರ್ಥವಾಯಿತು ಎಂದು ಜಿಲ್ಲಾ ಅಧಿಕಾರಿಗೆ ವರದಿ ಕೊಡಬೇಕು. ಮಂಡ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ನಮ್ಮ ನಾಲ್ಕು ತಾಲ್ಲೂಕಿನ ಯಾವ ಯಾವ ಸಂಸ್ಥೆ ಕಳೆದ ವರ್ಷ ಈ ವರದಿ ಕೊಟ್ಟಿದೆ, ನೋಡಲ್ ಅಧಿಕಾರಿ ಯಾರು, ನೇಮಕದ ಆದೇಶದ ಪ್ರತಿ ಕೊಡಿ ಎಂದು ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಕುಟುಂಬದವರಾದರೆ ಅದೂ ಬೇಡ. 30 ದಿನದೊಳಗೆ ಉತ್ತರ ಬರಬೇಕು.